ರೋಬೋಟ್ ಕೆಟ್ಟಿರಲಿಲ್ಲ, ವೈಫೈ ಸಿಕ್ಕಿರಲಿಲ್ಲ

ನಮ್ಮ ಭಾಯಿಜಾನ್ ರಿಯಾದ್‌ನಲ್ಲಿ ಕೆಲಸದಲ್ಲಿದ್ದಾರೆ. ಈ ಸಲ ರಜೆಗೆ ಬಂದಾಗ ಖರ್ಜೂರ, ಅತ್ತರಿನ ಜೊತೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನೂ ಹೊತ್ತು ತಂದರು. ಒಳಗಿದ್ದದ್ದು ತಾನೇ ಓಡಾಡಿ ಕಸ ಹೀರುವ ರೋಬೋಟ್. ರೊಟ್ಟಿ ಹಂಚಿಗಿಂತ ಸ್ವಲ್ಪ ದೊಡ್ಡದು, ದುಂಡಗೆ, ನಾಲ್ಕು ಬೆರಳು ಎತ್ತರ. ತಂದದ್ದು ಶೋಕಿಗಲ್ಲ. ಅಮ್ಮಿಗೆ ಬೆನ್ನಿನ ಡಿಸ್ಕ್ ಜಾರಿದೆ. ಮೂರು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿದ್ದರು. ಮೊದಲು ಕಸ ಗುಡಿಸುತ್ತಿದ್ದ ಆಪಾ ಮದುವೆಯಾಗಿ ಹೋದರು. ಉಳಿದವಳು ನಾನು. ಬೆಳಿಗ್ಗೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಅಕೌಂಟೆನ್ಸಿ ಲೆಕ್ಕಗಳು. ಕಸಬರಿಗೆ ಹಿಡಿಯುವಷ್ಟು ಹೊತ್ತಿಗೆ ದಿನ ಮುಗಿದಿರುತ್ತಿತ್ತು.

ಭಾಯಿಜಾನ್ ಪೆಟ್ಟಿಗೆ ಬಿಚ್ಚಿದ್ದು ಹೊರಡುವ ಹಿಂದಿನ ರಾತ್ರಿ. ಪ್ಲಗ್ ನಮ್ಮ ಸಾಕೆಟ್ಟಿಗೆ ಕೂರಲಿಲ್ಲ. ಅಲ್ಲಿಯದಕ್ಕೆ ಮೂರು ಚಪ್ಪಟೆ ಕಾಲು, ನಮ್ಮದಕ್ಕೆ ಮೂರು ದುಂಡನೆಯ ಕಾಲು. "ಒಂದು ಕನ್ವರ್ಷನ್ ಪ್ಲಗ್ ತಗೋ, ಆಪ್ ಹಾಕಿಕೋ, ವೈಫೈ ಕೊಡು, ಆಯ್ತು" ಎಂದು ಹೇಳಿ ಬೆಳಿಗ್ಗೆ ಹೊರಟುಹೋದರು. ಆ "ಆಯ್ತು" ಆಗಲು ನನಗೆ ಒಂಬತ್ತು ದಿನ ಹಿಡಿಯಿತು. ನಾನು ಹೆಬಾ ವಿಭಾಗದವಳು, ಕಂಪ್ಯೂಟರ್ ಸೈನ್ಸ್ ಓದಿದವಳಲ್ಲ. ಸೈನ್ಸ್ ಓದುವ ಕಸಿನ್ ಬಂದು ನೋಡಿ, "ಪೀಸೇ ಡಿಫೆಕ್ಟ್" ಎಂದು ತೀರ್ಪು ಕೊಟ್ಟು ಚಹಾ ಕುಡಿದು ಹೋದ. ಈಗ ಅಕ್ಕಪಕ್ಕದ ಮೂರು ಮನೆಗಳಲ್ಲಿ ನಾನೇ ಇದನ್ನು ಸರಿ ಮಾಡಿಕೊಟ್ಟಿದ್ದೇನೆ, ನಮ್ಮ ಕಾಲೇಜಿನ ಒಬ್ಬ ಮೇಡಂ ಮನೆಯೂ ಅದರಲ್ಲಿ ಸೇರಿದೆ. ಅವರೇ ಇದನ್ನು ಬರೆದುಕೊಡು ಎಂದರು.

ವೈಫೈಗೆ ಮೊದಲು ಕರೆಂಟಿನ ಒಂದು ಮಾತು. ಗಲ್ಫಿನಿಂದಲೋ ಅಮೆರಿಕದಿಂದಲೋ ತಂದ ಯಾವುದೇ ಯಂತ್ರವಾದರೂ ಅದರ ಅಡಾಪ್ಟರ್ ಅಥವಾ ಚಾರ್ಜಿಂಗ್ ಡಾಕ್‌ನ ತಳದಲ್ಲಿರುವ ಚೀಟಿ ಓದಿ. 100-240 ವೋಲ್ಟ್ ಅಥವಾ 220-240 ವೋಲ್ಟ್ ಎಂದಿದ್ದರೆ ಕನ್ವರ್ಷನ್ ಪ್ಲಗ್ ಸಾಕು. ಬರೀ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣವೇ ಸುಟ್ಟುಹೋಗಬಹುದು. ಕನ್ವರ್ಷನ್ ಪ್ಲಗ್ ಬರೀ ಕಾಲುಗಳ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ನಮ್ಮದು ಮೊದಲ ಜಾತಿಯದು, ಬಚಾವಾದೆವು.

ಈಗ ವೈಫೈ. ಮೊದಮೊದಲು ನಾನು ತಿಳಿದಿದ್ದು, ಫೋನ್ ಮತ್ತು ರೋಬೋಟ್ ಎರಡೇ ಮಾತಾಡಿಕೊಳ್ಳುತ್ತವೆ, ಬ್ಲೂಟೂತ್ ಇಯರ್‌ಫೋನ್ ಜೋಡಿಸಿದ ಹಾಗೆ, ಎಂದು. ಹಾಗಲ್ಲ. ಇದರಲ್ಲಿ ನಾಲ್ಕು ಜನ ಇದ್ದಾರೆ: ಫೋನ್, ರೋಬೋಟ್, ಮನೆಯ ರೂಟರ್, ಮತ್ತು ದೂರದಲ್ಲೆಲ್ಲೋ ಇರುವ ಕಂಪನಿಯ ಸರ್ವರ್. ರೋಬೋಟಿಗೆ ಪರದೆಯಿಲ್ಲ, ಕೀಬೋರ್ಡ್ ಇಲ್ಲ. ನಮ್ಮ ವೈಫೈ ಹೆಸರು, ಪಾಸ್‌ವರ್ಡ್ ಅದಕ್ಕೆ ಹೇಳುವುದು ಹೇಗೆ? ಅದಕ್ಕಾಗಿ ರೋಬೋಟ್ ಮೊದಲು ತಾನೇ ಒಂದು ಚಿಕ್ಕ ವೈಫೈ ಹಾಟ್‌ಸ್ಪಾಟ್ ತೆರೆಯುತ್ತದೆ. ಫೋನ್ ಆ ಹಾಟ್‌ಸ್ಪಾಟಿಗೆ ಹೋಗಿ ಸೇರುತ್ತದೆ. ಆಪ್ ಅಲ್ಲಿ ನಮ್ಮ ಮನೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ರೋಬೋಟಿಗೆ ಒಪ್ಪಿಸುತ್ತದೆ. ರೋಬೋಟ್ ತನ್ನ ಹಾಟ್‌ಸ್ಪಾಟ್ ಮುಚ್ಚಿ ರೂಟರ್ ಬಾಗಿಲು ತಟ್ಟುತ್ತದೆ. ರೂಟರ್ ಒಳಗೆ ಬಿಟ್ಟರೆ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗಿ, "ನಾನು ಇಂಥ ಖಾತೆಯವರ ಯಂತ್ರ" ಎಂದು ಹೆಸರು ಬರೆಸುತ್ತದೆ. ಆಮೇಲೆ ನಾವು ಫೋನಿನಲ್ಲಿ ಒತ್ತಿದ ಆಜ್ಞೆ ಸಾಮಾನ್ಯವಾಗಿ ಆ ಸರ್ವರ್ ಮೂಲಕವೇ ಬರುತ್ತದೆ. ಹೊಸ ಮಾದರಿಗಳಲ್ಲಿ ಮೊದಲ ಮಾತುಕತೆಗೆ ಹಾಟ್‌ಸ್ಪಾಟಿನ ಬದಲು ಬ್ಲೂಟೂತ್ ಬಳಸುತ್ತಾರೆ. ಉಳಿದದ್ದೆಲ್ಲ ಅದೇ ದಾರಿ.

ಹಾಗಾಗಿ "ಕನೆಕ್ಟ್ ಆಗ್ತಿಲ್ಲ" ಎನ್ನುವ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಕಾಯಿಲೆ ಅಡಗಿರುತ್ತವೆ. ಫೋನಿಗೆ ರೋಬೋಟ್ ಕಾಣದಿರುವುದು ಒಂದು. ರೋಬೋಟಿಗೆ ರೂಟರ್ ಸಿಗದಿರುವುದು ಎರಡನೆಯದು. ಸರ್ವರ್ ಒಪ್ಪದಿರುವುದು ಮೂರನೆಯದು. ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ದಾಗ ಇಡೀ ಪುಸ್ತಕ ಹರಿದು ಹಾಕುತ್ತೇವೆಯೇ? ಯಾವ ಲೆಡ್ಜರ್‌ವರೆಗೆ ಸರಿ ಇತ್ತು, ಎಲ್ಲಿಂದ ತಪ್ಪಿತು ಎಂದು ಹುಡುಕುತ್ತೇವೆ. ಆಪ್ ತೋರಿಸುವ ಶೇಕಡಾ ಅಂಕಿಯನ್ನು ಎಲ್ಲರೂ ಬೇಸರದಿಂದ ನೋಡುತ್ತಾರೆ. ಅದು ಎಷ್ಟರಲ್ಲಿ ನಿಂತಿತು ಎನ್ನುವುದೇ ದೊಡ್ಡ ಸುಳಿವು. ನಾನು ಆರನೇ ದಿನದವರೆಗೂ ಅದನ್ನು ಬರೆದಿಟ್ಟುಕೊಳ್ಳಲಿಲ್ಲ.

ನನ್ನ ಮೊದಲ ತಡೆ ಫೋನಿನಲ್ಲೇ ಇತ್ತು. ಆಪ್ ಹುಡುಕುತ್ತಲೇ ಇತ್ತು, ರೋಬೋಟ್ ಕಾಣುತ್ತಿರಲಿಲ್ಲ. ಆಪ್ ಕೇಳಿದ ಲೊಕೇಶನ್ ಅನುಮತಿಗೆ ನಾನು "ಬೇಡ" ಎಂದಿದ್ದೆ. ಕಸ ಗುಡಿಸುವುದಕ್ಕೆ ನಾನೆಲ್ಲಿದ್ದೇನೆ ಎಂದು ಇದಕ್ಕೇಕೆ ಬೇಕು ಎಂದು. ಅನುಮಾನ ತಪ್ಪಲ್ಲ. ಆದರೆ ಆಂಡ್ರಾಯ್ಡ್‌ನಲ್ಲಿ ಸುತ್ತಲಿನ ವೈಫೈಗಳ ಪಟ್ಟಿಯನ್ನು ನೋಡಿದರೆ ಮನುಷ್ಯ ಎಲ್ಲಿದ್ದಾನೆ ಎಂದು ಊಹಿಸಬಹುದು. ಅದಕ್ಕೇ ಆ ಪಟ್ಟಿ ನೋಡಲು ಲೊಕೇಶನ್ ಅನುಮತಿ ಬೇಕೆಂದು ನಿಯಮ ಮಾಡಿದ್ದಾರೆ. ಜೋಡಿಸುವ ಹೊತ್ತಿಗೆ ಅನುಮತಿ ಕೊಟ್ಟು, ಲೊಕೇಶನ್ ಆನ್ ಮಾಡಿ, ಕೆಲಸ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳಬಹುದು. ನಾನು ಹಾಗೇ ಮಾಡಿದ್ದೇನೆ.

ಫೋನಿನದ್ದೇ ಇನ್ನೊಂದು ತಂಟೆ ಇದೆ. ರೋಬೋಟಿನ ಹಾಟ್‌ಸ್ಪಾಟಿನಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಫೋನ್ ತಾನೇ ಜಾಣತನ ಮಾಡಿ, ಇಲ್ಲಿ ಇಂಟರ್‌ನೆಟ್ ಇಲ್ಲವಲ್ಲ ಎಂದು ಮೊಬೈಲ್ ಡೇಟಾಗೆ ಹಾರಿಬಿಡುತ್ತದೆ. ರೋಬೋಟ್ ಅಲ್ಲಿ ಒಬ್ಬಂಟಿಯಾಗಿ ಕಾಯುತ್ತದೆ. ಜೋಡಿಸುವಾಗ ಮೊಬೈಲ್ ಡೇಟಾ ಆಫ್ ಮಾಡಿ. ವಿಪಿಎನ್ ಇದ್ದರೆ ಅದನ್ನೂ. "ಈ ನೆಟ್‌ವರ್ಕ್‌ನಲ್ಲಿ ಇಂಟರ್‌ನೆಟ್ ಇಲ್ಲ, ಇಲ್ಲೇ ಇರಬೇಕೆ?" ಎಂದು ಫೋನ್ ಕೇಳಿದರೆ ಹೌದು ಎನ್ನಿ. ಆ ಹಾಟ್‌ಸ್ಪಾಟ್ ಸ್ವಲ್ಪ ಹೊತ್ತಿನ ನಂತರ ತಾನೇ ಮುಚ್ಚಿಹೋಗುತ್ತದೆ. ಆಗ ಮತ್ತೆ ತೆರೆಯಬೇಕು. ಬಹಳ ಮಾದರಿಗಳಲ್ಲಿ ಮೇಲಿನ ಎರಡು ಗುಂಡಿಗಳನ್ನು ಒಟ್ಟಿಗೆ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಅದು ಬಾಯಿಬಿಟ್ಟು ಹೇಳುತ್ತದೆ, ಇಲ್ಲವೇ ದೀಪ ಮಿಣುಕುತ್ತದೆ. ಯಾವ ಗುಂಡಿ, ಎಷ್ಟು ಸೆಕೆಂಡ್ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಕೈಪಿಡಿ ನೋಡಿಯೇ ಒತ್ತಿ, ಏಕೆಂದರೆ ಕೆಲವದರಲ್ಲಿ ಇನ್ನಷ್ಟು ಹೊತ್ತು ಒತ್ತಿದರೆ ಅದು ಎಲ್ಲವನ್ನೂ ಅಳಿಸಿ ಅಂಗಡಿಯಿಂದ ಬಂದ ಸ್ಥಿತಿಗೆ ಹೋಗುತ್ತದೆ.

ಎರಡನೇ ತಡೆ ಎಲ್ಲ ಮನೆಗಳಲ್ಲೂ ಇರುವಂಥದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೇಬಲ್‌ನವರು ಹಾಕಿಕೊಟ್ಟ ನಮ್ಮ ರೂಟರ್ ಎರಡು ಹೆಸರು ತೋರಿಸುತ್ತದೆ, ಒಂದರ ಕೊನೆಯಲ್ಲಿ 5ಜಿ ಎಂದಿದೆ. ನಮ್ಮ ಮನೆಯ ಎಲ್ಲ ಫೋನ್‌ಗಳೂ ಆ 5ಜಿಗೇ ಅಂಟಿಕೊಂಡಿದ್ದವು. "ನಮ್ಮದು 5ಜಿ ಫೋನ್, ಹಾಗಾಗಿ 5ಜಿ ವೈಫೈ" ಎಂದು ಅಬ್ಬಾ ಹೇಳುತ್ತಿದ್ದರು. ಎರಡಕ್ಕೂ ಸಂಬಂಧವೇ ಇಲ್ಲ. ಮೊಬೈಲಿನ 5ಜಿ ಎಂದರೆ ಐದನೇ ತಲೆಮಾರು. ರೂಟರಿನ 5ಜಿ ಎಂದರೆ 5 ಗಿಗಾಹರ್ಟ್ಸ್ ರೇಡಿಯೋ ತರಂಗ. ಇನ್ನೊಂದು ಹೆಸರಿನದ್ದು 2.4 ಗಿಗಾಹರ್ಟ್ಸ್. 2.4ರ ತರಂಗದ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, 5ರದ್ದು ಹೆಚ್ಚುಕಡಿಮೆ ಅದರ ಅರ್ಧ. ಉದ್ದನೆಯದು ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ. ಗಿಡ್ಡನೆಯದು ವೇಗವಾಗಿ ಸಾಗಿಸುತ್ತದೆ, ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ. ಸಿನಿಮಾ ನೋಡಲು ವೇಗ ಬೇಕು. ಮಂಚದ ಕೆಳಗೆ ತೂರುವ ರೋಬೋಟಿಗೆ ಬೇಕಾದದ್ದು ಗೋಡೆ ದಾಟುವ ತರಂಗ. "ಶುರು ಮಾಡು, ನಿಲ್ಲಿಸು" ಎಂಬ ಎರಡು ಮಾತು ಸಾಗಿಸಲು ವೇಗ ಯಾಕೆ? ಅದರ ಮೇಲೆ 2.4 ಮಾತ್ರ ಬಲ್ಲ ಚಿಪ್ ಅಗ್ಗ. ಆದ್ದರಿಂದ ಹೆಚ್ಚಿನ ರೋಬೋಟ್‌ಗಳು, ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಪ್ಲಗ್‌ಗಳು 2.4ನ್ನು ಮಾತ್ರ ಕೇಳಿಸಿಕೊಳ್ಳುತ್ತವೆ. 5ಜಿಯ ಹೆಸರು ಕೊಟ್ಟರೆ ಅವುಗಳ ಮಟ್ಟಿಗೆ ಆ ರೂಟರ್ ಇಲ್ಲವೇ ಇಲ್ಲ.

ಹಾಗಾಗಿ ಮೊದಲು ಫೋನನ್ನೇ 5ಜಿ ಇಲ್ಲದ ಹೆಸರಿಗೆ ಸೇರಿಸಿ, ಆಮೇಲೆ ಆಪ್ ತೆರೆಯಿರಿ. ಕೆಲವು ಹೊಸ ರೂಟರ್‌ಗಳು ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ, ಯಾರನ್ನು ಎಲ್ಲಿ ಕೂರಿಸಬೇಕೆಂದು ತಾವೇ ತೀರ್ಮಾನಿಸುತ್ತವೆ. ಅಂಥಲ್ಲಿ ರೂಟರ್ ಸೆಟ್ಟಿಂಗ್‌ಗೆ ಹೋಗಿ ಎರಡಕ್ಕೂ ಬೇರೆ ಹೆಸರು ಕೊಡಬೇಕು, ಇಲ್ಲವೇ 2.4ರಲ್ಲಿ ಮಾತ್ರ ಒಂದು ಗೆಸ್ಟ್ ನೆಟ್‌ವರ್ಕ್ ತೆರೆಯಬೇಕು. ಗೆಸ್ಟ್ ನೆಟ್‌ವರ್ಕಿನಲ್ಲಿ ಇನ್ನೊಂದು ಲಾಭವಿದೆ: ಅದನ್ನು ಮುಖ್ಯ ನೆಟ್‌ವರ್ಕಿನಿಂದ ಬೇರೆಯಾಗಿ ಇಟ್ಟಿದ್ದರೆ ರೋಬೋಟಿಗೆ ಮನೆಯ ಲ್ಯಾಪ್‌ಟಾಪ್, ಫೋನ್‌ಗಳ ಹತ್ತಿರ ಸುಳಿಯಲು ಆಗುವುದಿಲ್ಲ. ಸೆಟ್ಟಿಂಗ್‌ಗೆ ಹೋದಾಗ ಭದ್ರತೆಯ ಸಾಲನ್ನೂ ನೋಡಿ. ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೆಯ ಚಿಪ್‌ಗಳಿಗೆ ಅದು ಗೊತ್ತಿಲ್ಲ, ಡಬ್ಲ್ಯುಪಿಎ2 ಅಥವಾ ಎರಡೂ ಸೇರಿದ್ದನ್ನು ಆರಿಸಿ. ಸೆಟ್ಟಿಂಗ್ ಪುಟದ ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರಿನ ಬೆನ್ನ ಮೇಲೇ ಅಂಟಿಸಿರುತ್ತಾರೆ.

ಹೆಸರಿನ ವಿಷಯ ಬಂದದ್ದಕ್ಕೆ ಒಂದು ತಮಾಷೆ. ಪಕ್ಕದ ಮನೆಯ ಹುಡುಗ ವೈಫೈಗೆ ಉರ್ದು ಲಿಪಿಯಲ್ಲಿ ಹೆಸರಿಟ್ಟು, ಕೊನೆಗೊಂದು ಹೃದಯದ ಚಿತ್ರ ಹಾಕಿದ್ದ. ಫೋನ್‌ಗಳಿಗೆ ಏನೂ ತೊಂದರೆ ಇಲ್ಲ, ರೋಬೋಟ್ ಮಾತ್ರ ಮುಖ ತಿರುಗಿಸಿತ್ತು. ವೈಫೈ ಹೆಸರಿಗೆ ಇರುವ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಉರ್ದು ಅಕ್ಷರಕ್ಕೆ ಎರಡು, ಕನ್ನಡದ ಪ್ರತಿ ಅಕ್ಷರಕ್ಕೆ, ಒತ್ತು, ಗುಣಿತಗಳಿಗೂ ಮೂರು ಮೂರು. "ಬಿಸ್ಮಿಲ್ಲಾ ಮಂಜಿಲ್" ಎಂದು ಕನ್ನಡದಲ್ಲಿ ಬರೆದರೆ ಜಾಗ ಸಾಲುವುದಿಲ್ಲ. ಅಗ್ಗದ ಯಂತ್ರಗಳು ಬೇರೆ ಲಿಪಿ, ಚಿತ್ರ, ಕೆಲವೊಮ್ಮೆ ನಡುವಿನ ಖಾಲಿ ಜಾಗಕ್ಕೂ ಎಡವುತ್ತವೆ. ಬರೀ ಇಂಗ್ಲಿಷ್ ಅಕ್ಷರ, ಅಂಕಿ ಇಟ್ಟರೆ ಕ್ಷೇಮ. ಭಾಷಾಭಿಮಾನಕ್ಕೆ ಬೇರೆ ಜಾಗಗಳಿವೆ.

ಇಷ್ಟು ಮಾಡಿಯೂ ನಮ್ಮದು ಕೂಡಲಿಲ್ಲ. ಐದನೇ ದಿನ ಅಬ್ಬಾ ಅದನ್ನು ಸ್ಕೂಟರಿನಲ್ಲಿಟ್ಟುಕೊಂಡು ಪೇಟೆಯ ಒಂದು ರಿಪೇರಿ ಅಂಗಡಿಗೆ ಹೋದರು. ಅಂಗಡಿಯವರು ಹತ್ತು ನಿಮಿಷ ನೋಡಿ, "ವೈಫೈ ಬೋರ್ಡ್ ಹೋಗಿದೆ, 2,200 ಆಗುತ್ತೆ" ಎಂದರಂತೆ. ಅಬ್ಬಾ ಮನೆಗೆ ಬಂದು ಏನೂ ಮಾತಾಡಲಿಲ್ಲ. ಭಾಯಿಜಾನ್ ಎಷ್ಟು ತಿಂಗಳು ಉಳಿಸಿ ತಂದಿದ್ದರೋ, ಅವರಿಗೆ ಹೇಳುವುದು ಹೇಗೆ ಎನ್ನುವುದೇ ಅವರ ಚಿಂತೆ.

ಆರನೇ ದಿನ ನನಗೆ ಕಾಲೇಜಿನಲ್ಲಿ ಮಧ್ಯಾಹ್ನದ ಕ್ಲಾಸ್ ಇರಲಿಲ್ಲ, ಬೇಗ ಮನೆಗೆ ಬಂದೆ. ಅಮ್ಮಿ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದರು. ಗುಡಿಸುತ್ತಿರಲಿಲ್ಲ. ಬಗ್ಗಿದವರು ಮೇಲೇಳಲಾಗದೆ ಅರ್ಧದಲ್ಲೇ ನಿಂತಿದ್ದರು. ನಾನು ಕಾಲೇಜಿಗೆ ಹೋದ ಮೇಲೆ ದಿನವೂ ಗುಡಿಸುತ್ತಿದ್ದರಂತೆ. "ನೀನು ಓದಬೇಕಲ್ಲ ಬೇಟಿ, ಮಷಿನ್ ರೆಡಿ ಆಗೋತನಕ ಅಂತ..." ಎಂದರು. ಅವರನ್ನು ಮಂಚದವರೆಗೆ ಕರೆತಂದು ಮಲಗಿಸಿ, ಬಿಸಿನೀರಿನ ಚೀಲ ಕೊಟ್ಟು, ಭಾಯಿಜಾನ್‌ಗೆ ವಾಟ್ಸಾಪ್ ಕಾಲ್ ಮಾಡಿದೆ. ನನ್ನ ಕೋಪವೆಲ್ಲ ಅವರ ಮೇಲೆ ಹೋಯಿತು. ಪೂರ್ತಿ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: "ಮಧ್ಯದ ಗುಂಡಿ ಒತ್ತಿ ನೋಡಿದ್ಯಾ?"

ಒತ್ತಿರಲಿಲ್ಲ. ಯಾರೂ ಒತ್ತಿರಲಿಲ್ಲ. ಸೈನ್ಸ್ ಕಸಿನ್ ಸಹ. ಒತ್ತಿದೆ. ರೋಬೋಟ್ ಡಾಕ್ ಬಿಟ್ಟು ಹೊರಬಂದು ಹಾಲ್ ಗುಡಿಸತೊಡಗಿತು.

ಈ ಲೇಖನದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ: ಹೆಚ್ಚಿನ ರೋಬೋಟ್‌ಗಳಿಗೆ ಕಸ ಗುಡಿಸಲು ವೈಫೈ ಬೇಕಾಗಿಲ್ಲ. ವೈಫೈ ಬೇಕಾಗುವುದು ಫೋನಿನಿಂದ ನಡೆಸಲು, ಸಮಯ ನಿಗದಿ ಮಾಡಲು, "ಈ ಕೋಣೆ ಬೇಡ" ಎಂದು ನಕ್ಷೆಯಲ್ಲಿ ಗೆರೆ ಎಳೆಯಲು. ಚಾರ್ಜ್ ಮಾಡಿ ಗುಂಡಿ ಒತ್ತಿದ್ದರೆ ಮೊದಲ ದಿನವೇ ಕೆಲಸ ಶುರುವಾಗುತ್ತಿತ್ತು. ಆರು ದಿನ ಅಮ್ಮಿ ಗುಡಿಸಿದ್ದು ಯಂತ್ರದ ತಪ್ಪಿನಿಂದಲ್ಲ, ಕೈಪಿಡಿಯ ಎರಡನೇ ಪುಟ ನಾನು ಓದದ್ದರಿಂದ.

ಹಾಗಿದ್ದರೆ ವೈಫೈ ಬಿಟ್ಟುಬಿಡಬಹುದಿತ್ತಲ್ಲ? ಬಿಡಬಹುದಿತ್ತು. ಆದರೆ ಗುಂಡಿ ಒತ್ತಲೂ ಬಗ್ಗಬೇಕು. ನಾವಿಲ್ಲದ ಹೊತ್ತಿನಲ್ಲಿ ಅದು ತಾನೇ ಹೊರಟು ತಾನೇ ವಾಪಸ್ ಹೋಗಬೇಕೆಂದರೆ ಸಮಯ ನಿಗದಿ ಬೇಕು, ಅದಕ್ಕೆ ಆಪ್ ಬೇಕು.

ಆ ರಾತ್ರಿ ಒಂದು ಪರೀಕ್ಷೆ ಮಾಡಿದೆ. ರೂಟರನ್ನು ಬದಿಗಿಟ್ಟು ಅಬ್ಬಾ ಫೋನಿನ ಹಾಟ್‌ಸ್ಪಾಟ್ ತೆರೆದೆ. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ 2.4 ಎಂದು ಆರಿಸಬೇಕು. ಐಫೋನ್ ಆದರೆ ಹೆಚ್ಚು ಉಪಕರಣಗಳಿಗೆ ಹೊಂದುವಂತೆ ಮಾಡುವ ಒಂದು ಸ್ವಿಚ್ ಇರುತ್ತದೆ, ಅದೇ 2.4ಕ್ಕೆ ಇಳಿಸುತ್ತದೆ. ಆಪ್ ನನ್ನ ಫೋನಿನಲ್ಲಿ, ಹಾಟ್‌ಸ್ಪಾಟ್ ಅಬ್ಬಾ ಫೋನಿನಲ್ಲಿ. ಪಾಸ್‌ವರ್ಡ್ ಒಂದರಿಂದ ಎಂಟರವರೆಗಿನ ಅಂಕಿ. ಮನೆಯ ವೈಫೈನಲ್ಲಿ ಅರ್ಧಕ್ಕೇ ನಿಲ್ಲುತ್ತಿದ್ದ ಅಂಕಿ ಈಗ ತೊಂಬತ್ತು ದಾಟಿತು! ಅಲ್ಲಿ ನಿಂತಿತು, ನಿಜ. ಆದರೆ ಬೋರ್ಡ್ ಸತ್ತಿದ್ದರೆ ಹಾಟ್‌ಸ್ಪಾಟಿಗೂ ಸೇರಬಾರದಿತ್ತು. 2,200 ರೂಪಾಯಿ ಉಳಿದದ್ದು ಆ ನಿಮಿಷದಲ್ಲಿ. ಯಾರಾದರೂ ನಿಮಗೆ "ವೈಫೈ ಬೋರ್ಡ್ ಹೋಗಿದೆ" ಎಂದರೆ ದುಡ್ಡು ಕೊಡುವ ಮೊದಲು ಈ ಪರೀಕ್ಷೆ ಮಾಡಿ.

ಅಂದರೆ ತಪ್ಪು ಎರಡು ಇದ್ದವು, ಒಂದು ಇನ್ನೊಂದನ್ನು ಮರೆಮಾಡಿತ್ತು. ಲೆಕ್ಕದಲ್ಲೂ ಇದೇ ಅತಿ ಕೆಟ್ಟ ಸ್ಥಿತಿ. ಮೊದಲನೆಯದು ಮನೆಯ ರೂಟರ್‌ಗೆ ಸಂಬಂಧಿಸಿದ್ದು. ಪಾಸ್‌ವರ್ಡ್ ಮತ್ತೆ ಬರೆದೆ, ಕಣ್ಣಿನ ಚಿಹ್ನೆ ಒತ್ತಿ ನೋಡಿದೆ, ಸರಿ ಇತ್ತು. ಮತ್ತೆ ಮುಚ್ಚಿ ಸುಮ್ಮನೆ ಚುಕ್ಕೆ ಎಣಿಸಿದೆ. ಪಾಸ್‌ವರ್ಡ್ ಹನ್ನೆರಡು ಅಕ್ಷರ, ಚುಕ್ಕೆ ಹದಿಮೂರು. ಕೀಬೋರ್ಡ್ ಮೇಲೆ ಬರುವ ಸಲಹೆಯನ್ನು ನಾನು ಒತ್ತುತ್ತಿದ್ದೆ, ಅದು ಪದದ ಹಿಂದೆ ಒಂದು ಖಾಲಿ ಜಾಗ ಸೇರಿಸುತ್ತಿತ್ತು. ಕಣ್ಣಿಗೆ ಕಾಣದ ಹದಿಮೂರನೇ ಅಕ್ಷರ. ಐದು ದಿನ ನಾನು ಅದನ್ನೇ ರೋಬೋಟಿಗೆ ಕೊಡುತ್ತಿದ್ದೆ, ಅದು ಪಾಪ ಅದನ್ನೇ ರೂಟರಿಗೆ ಹೇಳುತ್ತಿತ್ತು. ಮೊದಲ ಅಕ್ಷರ ತಾನಾಗಿ ದೊಡ್ಡಕ್ಷರ ಆಗುವುದೂ ಇದೇ ಜಾತಿಯ ತಪ್ಪು. ಪಾಸ್‌ವರ್ಡನ್ನು ಯಾವಾಗಲೂ ಒಂದೊಂದೇ ಅಕ್ಷರ ಒತ್ತಿ ಬರೆಯಿರಿ, ಚುಕ್ಕೆ ಎಣಿಸಿ.

ಎರಡನೆಯದು ತೊಂಬತ್ತರಲ್ಲಿ ನಿಲ್ಲುವುದು, ಅಂದರೆ ಸರ್ವರ್‌ನದ್ದು. ಅದಕ್ಕೆ ಇನ್ನೂ ಮೂರು ದಿನ ಹೋಯಿತು. ಆಪ್ ಹಾಕಿಕೊಂಡಾಗ ಮೊದಲ ಪರದೆಯಲ್ಲೇ ಯಾವ ದೇಶ ಎಂದು ಕೇಳುತ್ತದೆ. ನಾನು ಸಹಜವಾಗಿ ಭಾರತ ಎಂದು ಕೊಟ್ಟಿದ್ದೆ. ಅದು ನಾವಿರುವ ದೇಶವನ್ನಲ್ಲ, ಯಂತ್ರ ಯಾವ ಮಾರುಕಟ್ಟೆಗೆ ತಯಾರಾಯಿತು ಎನ್ನುವುದನ್ನು ಕೇಳುತ್ತಿತ್ತು. ಕೆಲವು ಕಂಪನಿಗಳು ಪ್ರದೇಶಕ್ಕೊಂದು ಸರ್ವರ್ ಇಟ್ಟು, ಒಂದರ ಯಂತ್ರ ಇನ್ನೊಂದರಲ್ಲಿ ಹೆಸರು ಬರೆಸದಂತೆ ಬೀಗ ಹಾಕಿರುತ್ತವೆ. ಬಿಸಿನೆಸ್ ಸ್ಟಡೀಸ್ ಓದುವವರಿಗೆ ಕಾರಣ ಊಹಿಸುವುದು ಕಷ್ಟವಲ್ಲ. ಒಂದೇ ವಸ್ತುವನ್ನು ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಬೆಲೆಗೆ ಮಾರುವಾಗ, ಅಗ್ಗದ ಕಡೆಯಿಂದ ದುಬಾರಿ ಕಡೆಗೆ ಹರಿಯದಂತೆ ತಡೆ ಬೇಕು. ನಾನು ಆ ಖಾತೆ ಬಿಟ್ಟು, ಸೌದಿ ಅರೇಬಿಯಾ ಎಂದು ಆರಿಸಿ, ಫೋನ್ ನಂಬರ್ ಬದಲು ಇಮೇಲ್ ಕೊಟ್ಟು ಹೊಸ ಖಾತೆ ತೆರೆದೆ. ಒಂಬತ್ತನೇ ದಿನ ರಾತ್ರಿ ಹತ್ತೂಕಾಲಿಗೆ ಅಂಕಿ ನೂರಕ್ಕೆ ಹೋಯಿತು. ವಿದೇಶದಿಂದ ತರಿಸುವವರು ಕೊಳ್ಳುವ ಮೊದಲೇ ಇದನ್ನು ವಿಚಾರಿಸಿ. ಚೀನಾದ ಒಳಗಿನ ಮಾರುಕಟ್ಟೆಗೆಂದು ಮಾಡಿದ ಮಾದರಿಗಳು ಅಗ್ಗವಾಗಿ ಸಿಗುತ್ತವೆ. ಅವುಗಳಲ್ಲಿ ಕೆಲವು ಆ ದೇಶದ ಸರ್ವರ್ ಬಿಟ್ಟು ಬೇರೆಯದಕ್ಕೆ ಸೇರುವುದೇ ಇಲ್ಲ, ಮಾತಾಡುವುದೂ ಚೀನೀ ಭಾಷೆಯಲ್ಲೇ.

ಅಮೆರಿಕದಿಂದ ತಂದವರಿಗೆ ಇನ್ನೊಂದು ಸಣ್ಣ ತೊಡಕು ಬರಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ರಸ್ತೆಯ ಲೇನ್‌ಗಳ ಹಾಗೆ ಚಾನೆಲ್‌ಗಳಿವೆ. ನಮ್ಮಲ್ಲಿ ರೂಟರ್‌ಗಳು 1ರಿಂದ 13ರವರೆಗೆ ಬಳಸುತ್ತವೆ, ಅಮೆರಿಕದ ಉಪಕರಣಗಳು ಸಾಮಾನ್ಯವಾಗಿ 11ರವರೆಗೆ ಮಾತ್ರ ನೋಡುತ್ತವೆ. ರೂಟರ್ ತಾನಾಗಿ 12ಕ್ಕೋ 13ಕ್ಕೋ ಹೋಗಿ ಕೂತರೆ ರೋಬೋಟಿಗೆ ಅದು ಮಾಯ. ಸೆಟ್ಟಿಂಗಿನಲ್ಲಿ 1, 6 ಅಥವಾ 11ನ್ನು ಖಾಯಂ ಮಾಡಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ, ಅಪಾರ್ಟ್‌ಮೆಂಟಿನವರಿಗೆ ಅದೂ ಅನುಕೂಲ.

ಒಮ್ಮೆ ಸೇರಿದ ಮೇಲೆ ಆಗಾಗ "ಆಫ್‌ಲೈನ್" ಎಂದು ತೋರಿಸುವುದು ಬೇರೆ ಕಥೆ. ನಮ್ಮ ಡಾಕನ್ನು ಮೊದಲು ಕಬ್ಬಿಣದ ಬೀರುವಿನ ಪಕ್ಕ ಇಟ್ಟಿದ್ದೆವು, ರೂಟರ್ ಆಚೆ ಕೋಣೆಯಲ್ಲಿ. ಕಬ್ಬಿಣ ರೇಡಿಯೋ ತರಂಗವನ್ನು ತಡೆಯುತ್ತದೆ. ಹಾಲ್‌ಗೆ ತಂದ ಮೇಲೆ ಸರಿಯಾಯಿತು. ಮೈಕ್ರೋವೇವ್ ಒಲೆಯೂ 2.4ರ ಹತ್ತಿರದ ತರಂಗದಲ್ಲೇ ಕೆಲಸ ಮಾಡುತ್ತದೆ, ಅದರ ಪಕ್ಕ ರೂಟರ್ ಬೇಡ. ಕರೆಂಟ್ ಹೋದಾಗ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ರೋಬೋಟ್ ಬ್ಯಾಟರಿಯಲ್ಲಿ ಗುಡಿಸುತ್ತಲೇ ಇರುತ್ತದೆ. ಆದರೆ ರೂಟರ್ ಆರಿದ್ದರಿಂದ ಫೋನಿಗೆ ಕಾಣುವುದಿಲ್ಲ. ಡಾಕ್‌ಗೂ ಕರೆಂಟ್ ಇಲ್ಲದ್ದರಿಂದ ಅದು "ನಾನಿಲ್ಲಿದ್ದೇನೆ" ಎಂದು ಕಳಿಸುವ ಇನ್‌ಫ್ರಾರೆಡ್ ಸಂಕೇತವೂ ನಿಲ್ಲುತ್ತದೆ, ರೋಬೋಟ್ ಮನೆ ಹುಡುಕುತ್ತಾ ಅಲೆಯಬಹುದು. ಕರೆಂಟ್ ಬಂದು ರೂಟರ್ ಪೂರ್ತಿ ಏಳಲು ಎರಡು ಮೂರು ನಿಮಿಷ ಕೊಡಿ. ಅಷ್ಟರೊಳಗೆ ಗಾಬರಿಯಾಗಿ ಗುಂಡಿ ಒತ್ತಿ ವೈಫೈ ಅಳಿಸಬೇಡಿ.

ಆಫ್‌ಲೈನ್ ಎಂದಾಗ ಮೊದಲು ನೋಡಬೇಕಾದದ್ದು ಇಂಟರ್‌ನೆಟ್ ಇದೆಯೋ ಎಂದು. ಫೋನಿನಲ್ಲಿ ವಿಡಿಯೋ ಓಡುತ್ತಿದೆ, ಹಾಗಾಗಿ ಇಂಟರ್‌ನೆಟ್ ಇದೆ ಎಂದುಕೊಳ್ಳುತ್ತೇವೆ. ಅದು ಮೊಬೈಲ್ ಡೇಟಾದಲ್ಲಿ ಓಡುತ್ತಿರಬಹುದು. ಡೇಟಾ ಆಫ್ ಮಾಡಿ ಮತ್ತೆ ನೋಡಿ. ಫೈಬರ್ ಡಬ್ಬದಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಎಲ್ಲೋ ತಂತಿ ಕತ್ತರಿಸಿದೆ, ರೋಬೋಟನ್ನು ಅದರ ಪಾಡಿಗೆ ಬಿಡಿ. ಹಾಸ್ಟೆಲಿನಲ್ಲಿರುವವರು ಕೇಳಿದ್ದರು: ಬ್ರೌಸರ್ ತೆರೆದು ಲಾಗಿನ್ ಮಾಡಬೇಕಾದ ವೈಫೈಗೆ ಇಂಥ ಯಂತ್ರ ಸೇರುವುದು ಕಷ್ಟ, ಏಕೆಂದರೆ ಆ ಪುಟ ತೆರೆಯಲು ಅದಕ್ಕೆ ಬ್ರೌಸರೇ ಇಲ್ಲ.

ಮೇಡಂ ಮನೆಯ ತೊಂದರೆ ಇದಕ್ಕಿಂತ ಸುಲಭದ್ದಾಗಿತ್ತು. ಹೊಸ ಕಂಪನಿಯ ಇಂಟರ್‌ನೆಟ್ ಹಾಕಿಸಿದ್ದರು, ರೂಟರ್ ಬದಲಾಗಿತ್ತು. ರೋಬೋಟ್, ಟಿವಿ, ಎರಡು ಬಲ್ಬು ಎಲ್ಲವೂ ಒಟ್ಟಿಗೆ ಆಫ್‌ಲೈನ್. ಎಲ್ಲವನ್ನೂ ಒಂದೊಂದಾಗಿ ಮತ್ತೆ ಜೋಡಿಸುವ ಬದಲು ಹೊಸ ರೂಟರಿಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಕೊಟ್ಟೆವು. ಐದು ನಿಮಿಷದಲ್ಲಿ ಎಲ್ಲವೂ ತಾವಾಗಿಯೇ ಬಂದು ಸೇರಿದವು. ರೂಟರ್ ಬದಲಾದದ್ದು ಅವಕ್ಕೆ ಗೊತ್ತೇ ಆಗಲಿಲ್ಲ.

ಮೊದಲ ವಾರ ಅಮ್ಮಿ ಕೇಳಿದ ಪ್ರಶ್ನೆ ಬೇರೆ: "ಇದರಲ್ಲಿ ಕ್ಯಾಮೆರಾ ಇದೆಯಾ? ಇದ್ದರೆ ಮನೆಯೊಳಗೆ ಬೇಡ." ಸರಿಯಾದ ಪ್ರಶ್ನೆ. ರೋಬೋಟ್‌ಗಳು ದಾರಿ ಕಾಣುವುದು ಮುಖ್ಯವಾಗಿ ಎರಡು ರೀತಿ. ತಲೆಯ ಮೇಲೆ ಸಣ್ಣ ಗೋಪುರ ತಿರುಗುವಂಥವು ಲೇಸರ್ ಕಿರಣ ಬಿಟ್ಟು ಗೋಡೆಯ ದೂರ ಅಳೆಯುತ್ತವೆ. ಆ ಲೇಸರ್ ನಕ್ಷೆ ಮಾಡುತ್ತದೆ, ಫೋಟೋ ತೆಗೆಯುವುದಿಲ್ಲ. ಇನ್ನು ಕೆಲವದರ ಮುಂದೆ ಅಥವಾ ಮೇಲೆ ಕ್ಯಾಮೆರಾ ಇರುತ್ತದೆ, ಎರಡೂ ಇರುವ ಮಾದರಿಗಳೂ ಇವೆ. 2022ರ ಡಿಸೆಂಬರಿನಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಒಂದು ವರದಿ ಪ್ರಕಟಿಸಿತ್ತು. ರೂಂಬಾ ತಯಾರಿಸುವ ಐರೋಬೋಟ್ ಕಂಪನಿಯ ಪರೀಕ್ಷಾ ಯಂತ್ರಗಳು 2020ರಲ್ಲಿ ಮನೆಗಳೊಳಗೆ ತೆಗೆದ ಚಿತ್ರಗಳು, ಶೌಚಾಲಯದಲ್ಲಿದ್ದ ಮಹಿಳೆಯ ಚಿತ್ರ ಸಹ, ಆನ್‌ಲೈನ್ ಗುಂಪುಗಳಲ್ಲಿ ಹರಿದಾಡಿದ್ದವು. ಯಂತ್ರಕ್ಕೆ ಕಲಿಸಲು ಚಿತ್ರಗಳಿಗೆ ಹೆಸರು ಹಚ್ಚುವ ಗುತ್ತಿಗೆ ಕೆಲಸಗಾರರಿಂದ ಅವು ಹೊರಬಂದಿದ್ದವು. ಅವು ಅಂಗಡಿಯಲ್ಲಿ ಮಾರಿದ ಯಂತ್ರಗಳಲ್ಲ, ಒಪ್ಪಿಗೆ ಕೊಟ್ಟವರ ಮನೆಯ ಪರೀಕ್ಷಾ ಮಾದರಿಗಳು ಎಂದು ಕಂಪನಿ ಹೇಳಿತು. ಆ ಕ್ಯಾಮೆರಾ ಏನೆಲ್ಲ ನೋಡಬಲ್ಲದು ಎನ್ನುವುದಂತೂ ಗೊತ್ತಾಯಿತು. ನಮ್ಮದು ಲೇಸರಿನದ್ದು, ಕ್ಯಾಮೆರಾ ಇಲ್ಲ. ಪೆಟ್ಟಿಗೆಯ ಮೇಲಿನ ವಿವರ ಅಮ್ಮಿಗೆ ಓದಿ ಹೇಳಿದ ಮೇಲೆಯೇ ಅದಕ್ಕೆ ಮಲಗುವ ಕೋಣೆಗೆ ಪ್ರವೇಶ ಸಿಕ್ಕಿತು. ಆದರೂ ಮನೆಯ ನಕ್ಷೆ ಸರ್ವರ್‌ಗೆ ಹೋಗಬಹುದು, ಅದು ಗೊತ್ತಿದ್ದೇ ಬಳಸುತ್ತಿದ್ದೇವೆ. ಮಾರುವಾಗ ಅಥವಾ ಯಾರಿಗಾದರೂ ಕೊಡುವಾಗ ಆಪ್‌ನಲ್ಲಿ ಯಂತ್ರವನ್ನು ತೆಗೆದು, ನಕ್ಷೆ ಅಳಿಸಿ, ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಡಿ.

ವೈಫೈಗೆ ಸಂಬಂಧವಿಲ್ಲದ, ಆದರೆ ನಮ್ಮಂಥ ಮನೆಗಳಿಗೆ ಸಂಬಂಧವಿರುವ ಎರಡು ವಿಷಯ ಬಾಕಿ ಇವೆ. ಜಾನಮಾಜಿನ ಕುಚ್ಚು ಮತ್ತು ದುಪಟ್ಟಾದ ಅಂಚು ಅದರ ಬ್ರಷ್ಷಿಗೆ ಸುತ್ತಿಕೊಂಡರೆ ಅದು ಅಲ್ಲೇ ನಿಂತು ಕೂಗುತ್ತದೆ, ಮಡಿಸಿ ಮೇಲಿಡಿ. ಕಪ್ಪು ಟೈಲ್ಸ್ ಅಥವಾ ಕಪ್ಪು ಕಾರ್ಪೆಟ್ ಇದ್ದರೆ ಅದರ ಅಂಚಿನಲ್ಲಿ ಹೆದರಿ ಹಿಂದೆ ಸರಿಯಬಹುದು. ಮೆಟ್ಟಿಲಿನಿಂದ ಬೀಳದಿರಲೆಂದು ಅದರ ಹೊಟ್ಟೆಯಲ್ಲಿ ಇನ್‌ಫ್ರಾರೆಡ್ ಕಣ್ಣುಗಳಿವೆ, ಕಪ್ಪು ಬಣ್ಣ ಆ ಕಿರಣವನ್ನು ವಾಪಸ್ ಕೊಡದಿದ್ದರೆ ಅದು ಗುಂಡಿ ಎಂದು ತಿಳಿಯುತ್ತದೆ. ಆ ಕಣ್ಣುಗಳ ಮೇಲೆ ಧೂಳು ಕೂತರೂ ಅಷ್ಟೇ, ಒಣ ಬಟ್ಟೆಯಿಂದ ಒರೆಸಿ.

ಈಗ ಅದು ಬೆಳಿಗ್ಗೆ ಹತ್ತಕ್ಕೆ, ಅಬ್ಬಾ ಅಂಗಡಿಗೆ, ನಾನು ಕಾಲೇಜಿಗೆ ಹೊರಟ ಮೇಲೆ, ತಾನೇ ಶುರುವಾಗುತ್ತದೆ. ಖಾತೆ ನನ್ನ ಫೋನಿನಲ್ಲಿದೆ. ಮುಂದಿನ ವರ್ಷ ಡಿಗ್ರಿಗೆ ಹೊರಗೆ ಹೋದರೆ ಮನೆಯಲ್ಲಿ ನಡೆಸುವವರು ಬೇಕಲ್ಲ, ಅದಕ್ಕೆ ಆಪ್‌ನ ಶೇರ್ ಸೌಲಭ್ಯದಲ್ಲಿ ಅಬ್ಬಾ ಖಾತೆಯನ್ನೂ ಸೇರಿಸಿದ್ದೇನೆ. ನೀವೂ ಸೇರಿಸಿಡಿ, ಒಬ್ಬರ ಫೋನ್ ಕಳೆದರೆ ಇನ್ನೊಬ್ಬರದ್ದು ಇರುತ್ತದೆ. ಅಮ್ಮಿಯದು ಕೀಪ್ಯಾಡ್ ಫೋನ್, ಅದರಲ್ಲಿ ಆಪ್ ಬರುವುದಿಲ್ಲ. ಅವರಿಗಾಗಿ ಮಧ್ಯದ ಗುಂಡಿಯ ಮೇಲೆ ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕೆ ಇಟ್ಟಿದ್ದೇನೆ. ಬಗ್ಗದೆ, ದಾದಿಯ ಊರುಗೋಲಿನ ತುದಿಯಿಂದ ಮೆಲ್ಲಗೆ ಒತ್ತುತ್ತಾರೆ.